ಸೇರುವ ಜಾಗ: ವಾಷಿಂಗ್ ಮೆಷಿನ್ ಪಕ್ಕ

ಅಳಿಯಂದಿರು ನಡುಮನೆಯ ಗೋಡೆಗೆ ನಮ್ಮ ಮನೆಯ ನಕ್ಷೆಯೊಂದನ್ನು ಅಂಟಿಸಿದ್ದರು. ನನ್ನ ಕೋಣೆ ಇರುವ ಕಡೆ ಒಂದು ಕುರ್ಚಿಯ ಚಿತ್ರ ಬಿಡಿಸಿ, ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಅಶಕ್ತರು. ಇಬ್ಬರು ಹೊರಬೇಕು" ಎಂದು ಬರೆದಿದ್ದರು. ಅಶಕ್ತರು ಎಂದಿದ್ದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ, ಇಬ್ಬರು ಎಂದಿದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಅವರ ಜೊತೆ ಮಾತು ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಉಪ್ಪಿನ ಡಬ್ಬಿ ಅವರ ಪಕ್ಕದಲ್ಲಿತ್ತು, ಹಾಗಾಗಿ ಮತ್ತೆ ಶುರು ಮಾಡಬೇಕಾಯಿತು.

ಅವರ ಕೆಲಸವೇ ಅಂಥದ್ದು. ಕಚೇರಿ, ಆಸ್ಪತ್ರೆ, ಹೋಟೆಲುಗಳಿಗೆ ಹೋಗಿ, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಿಕೊಡುತ್ತಾರೆ. ಬೆಂಕಿ ಬಿದ್ದಿರುವುದಿಲ್ಲ. ಬಿದ್ದಿದೆ ಎಂದುಕೊಂಡು ಎಲ್ಲರೂ ಮೆಟ್ಟಿಲಿಳಿದು ಹೊರಗೆ ಓಡಬೇಕು. ಓಡಬಾರದು, ಬೇಗ ನಡೆಯಬೇಕು, ಅದರಲ್ಲಿ ವ್ಯತ್ಯಾಸವಿದೆಯಂತೆ. ಹೊರಗೆ "ಸೇರುವ ಜಾಗ" ಎಂಬ ಹಸಿರು ಬೋರ್ಡಿನ ಕೆಳಗೆ ಎಲ್ಲರೂ ನಿಲ್ಲಬೇಕು, ಇವರು ತಲೆ ಎಣಿಸಬೇಕು. ಮೈಮೇಲೆ ಕಿತ್ತಳೆ ಬಣ್ಣದ ಕೋಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಮೈಕು. ರಾತ್ರಿ ಊಟದ ಹೊತ್ತಿಗೆ ನಮಗೆ ಅಂದಿನ ಪ್ರದರ್ಶನ ನಡೆಯುತ್ತದೆ. ಯಾವ ಮ್ಯಾನೇಜರು ಸೀಟಿ ಕೇಳಿದ್ದೇ ಮೇಜಿನ ಕೆಳಗೆ ತೂರಿಕೊಂಡ, ಯಾವ ಹೆಂಗಸು ಪರ್ಸು ಬಿಟ್ಟು ಹೂಕುಂಡ ಅಪ್ಪಿಕೊಂಡು ಇಳಿದಳು, ಯಾವ ದಾಂಡಿಗ ಮೆಟ್ಟಿಲ ಮೇಲೆ ಕುಕ್ಕರಿಸಿ "ಅಮ್ಮಾ" ಎಂದ, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸುತ್ತಾರೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಮಾಡುತ್ತಾರೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ.

ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣತ್ತಾ, ಇದಾ?" ಎಂದು ಕೇಳಿ ಕೇಳಿ ಅವಳಿಗೆ ಬೇರೆ ರೀತಿ ಪ್ರಶ್ನೆ ಕೇಳುವುದೇ ಮರೆತುಹೋಗಿದೆ. ಇನ್ನು ನಾನು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹದಿಹರೆಯದ ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನೂ ಇಲ್ಲ ಎಂದು ನಂಬಿದ್ದೆ, ಏಕೆಂದರೆ ಅಷ್ಟು ವರ್ಷ ಅವರನ್ನು ಗದರಿಸುತ್ತಲೇ ಇದ್ದೆ.

ನಮ್ಮ ಮೂವರ ನಡುವೆ ಸಿಕ್ಕಿಕೊಂಡವಳು ನನ್ನ ಮೊಮ್ಮಗಳು, ಬುಗುರಿ. ಚಿಕ್ಕಂದಿನಲ್ಲಿ ಒಂದು ಕಡೆ ನಿಂತವಳಲ್ಲ, ಗಿರಗಿರ ತಿರುಗಿ ತಲೆಸುತ್ತಿ ಬಿದ್ದು, ಬಿದ್ದಲ್ಲೇ ನಗುತ್ತಿದ್ದಳು, ಅದಕ್ಕೇ ಆ ಹೆಸರು. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಆ ಬುಗುರಿ ನಿಂತೇಹೋಯಿತು. ಊಟದ ತಟ್ಟೆ ಕೋಣೆಗೆ ಹೋಗಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ರಜೆಯ ದಿನ ಹೊಟ್ಟೆನೋವಿಗೂ ರಜೆ.

ಮೊದಲು ನಾನು ನನ್ನ ವಿದ್ಯೆ ಪ್ರಯೋಗಿಸಿದೆ. "ನಿನ್ನ ವಯಸ್ಸಲ್ಲಿ ನಾವು" ಎಂದು ಶುರು ಮಾಡಿದೆ.

"ಮೈಲಿಗಟ್ಟಲೆ ನಡ್ಕೊಂಡು ಹೋಗ್ತಿದ್ರಿ, ಒಂದೇ ಜೊತೆ ಚಪ್ಪಲಿ ಇತ್ತು, ಆದ್ರೂ ನಗ್ತಾ ಇದ್ರಿ" ಎಂದು ಅವಳೇ ಮುಗಿಸಿ ಬಾಗಿಲು ಹಾಕಿಕೊಂಡಳು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಆಮೇಲೆ ಅವಳ ಅಮ್ಮ ಹೋಗಿ ಹಾಸಿಗೆಯ ತುದಿಯಲ್ಲಿ ಕೂತಳು.

"ನಿನ್ನೆಗಿಂತ ಇವತ್ತು ಮನಸ್ಸು ಹಗುರ ಇದ್ಯಾ ಪುಟ್ಟಾ?"

"ಗೊತ್ತಿಲ್ಲ."

"ಸರಿ. ಬೆಳಿಗ್ಗೆ ಹಗುರ ಇತ್ತಾ, ಈಗ್ಲಾ?"

"ಎರಡೂ ಒಂದೇ."

"ಆತುರ ಇಲ್ಲ, ಇನ್ನೊಂದ್ಸಲ ನೋಡು. ಬೆಳಿಗ್ಗೆ... ಈಗ. ಬೆಳಿಗ್ಗೆ... ಈಗ."

"ಅಮ್ಮಾ, ನನ್ ಕಣ್ಣು ಸರಿಯಾಗೇ ಇದೆ!"

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಮೂವರೂ ಹೋದೆವು. ಬುಗುರಿ ಪಾಠದ ಮಧ್ಯೆ ಎದ್ದು ಹೊರಗೆ ಹೋಗುತ್ತಾಳಂತೆ, ಮೆಟ್ಟಿಲ ಕೆಳಗೆ ಒಬ್ಬಳೇ ಕೂತಿರುತ್ತಾಳಂತೆ, ಏಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲವಂತೆ. ಕ್ಲಾಸ್ ಟೀಚರ್ ಒಳ್ಳೆಯ ಹುಡುಗಿ, ದನಿಯಲ್ಲಿ ಕಾಳಜಿ ಇತ್ತು.

"ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ. ಆದ್ರೆ ಎಳ್ಕೊಂಡು ಹೋಗಿ ಕೂರಿಸೋಕಾಗಲ್ಲ, ಅವಳೇ ಬರ್ತೀನಿ ಅನ್ಬೇಕು. ನಾನು ಹುಚ್ಚಿ ಅಲ್ಲ, ಬರಲ್ಲ ಅಂತಾಳೆ. ಮುಂದಿನ ತಿಂಗಳಿಂದ ಸ್ಕೂಲಿಗೇ ಬರಲ್ಲ ಅಂತಾನೂ ಫ್ರೆಂಡ್ಸ್ ಹತ್ರ ಹೇಳಿದ್ದಾಳೆ" ಎಂದಳು. ನನ್ನ ಮಗಳು ಕಣ್ಣೊರೆಸಿಕೊಂಡಳು. ಟೀಚರ್ ಮುಂದುವರಿಸಿದಳು, "ಮನೇಲಿ ಅವಳಿಗೊಂದು ಸುರಕ್ಷಿತ ಜಾಗ ಇದೆ ಅನ್ನಿಸ್ಬೇಕು. ತಪ್ಪದೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಅವಳೊಬ್ಬಳನ್ನೇ ಕೇಳ್ಬೇಡಿ, ನಿಮ್ಮ ಮನಸ್ಸಲ್ಲಿರೋದನ್ನೂ ಹೇಳಿ."

ಸುರಕ್ಷಿತ ಜಾಗ, ತಪ್ಪದೆ, ಎಲ್ಲರೂ ಒಟ್ಟಿಗೆ. ಈ ಮೂರು ಮಾತು ಬೇರೆ ಯಾರ ಕಿವಿಗೆ ಬಿದ್ದಿದ್ದರೂ ಅಪಾಯವಿರಲಿಲ್ಲ. ನಮ್ಮ ಅಳಿಯಂದಿರ ಬೆನ್ನು ನೆಟ್ಟಗಾಯಿತು. ವಾರಗಳಿಂದ ಕಂಗಾಲಾಗಿದ್ದ ಮನುಷ್ಯನ ಮುಖದಲ್ಲಿ ಕಳೆ ಬಂತು.

"ಇದು ನಂಗೆ ಬರತ್ತೆ" ಎಂದರು ಟೀಚರಿಗೆ. "ಇದು ನನ್ ಕೆಲ್ಸಾನೇ."

ಮರುದಿನ ಗೋಡೆಯ ಮೇಲೆ ನಾನು ಮೊದಲೇ ಹೇಳಿದ ಆ ನಕ್ಷೆ, ಮನೆಯ ತುಂಬ ಬಾಣಗಳು. ಕತ್ತಲಲ್ಲಿ ಹೊಳೆಯುವ ಹಸಿರು ಬಾಣಗಳು ಬುಗುರಿಯ ಬಾಗಿಲಿನಿಂದ ಹೊರಟು, ನಡುಮನೆ ದಾಟಿ, ಅಡುಗೆಮನೆಯನ್ನು ಬಳಸಿ ಹಿಂದಿನ ಬಾಲ್ಕನಿಗೆ ಹೋಗಿ ಮುಟ್ಟುತ್ತಿದ್ದವು. ಅಲ್ಲಿ ವಾಷಿಂಗ್ ಮೆಷಿನ್ನಿನ ಮೇಲೆ "ಸೇರುವ ಜಾಗ" ಎಂಬ ಬೋರ್ಡು. ಇಡೀ ಮನೆಯಲ್ಲಿ ಆ ಇಕ್ಕಟ್ಟಿನ ಮೂಲೆಯೇ ಯಾಕೆ ಎಂದು ಮಗಳು ಕೇಳಿದಳು.

"ಒಲೆ ದೂರ, ಗಾಜು ಇಲ್ಲ, ಮೇಲಿಂದ ಬೀಳೋ ಬೀರು ಇಲ್ಲ. ಬೇರೆ ಎಲ್ಲಿ ನಿಂತ್ರೂ ಅಪಾಯ ಕಣೆ" ಎಂದರು.

"ರೀ, ಅವಳಿಗೆ ಬೇಜಾರಾಗಿರೋದು, ಬೆಂಕಿ ಹತ್ತಿಲ್ಲ."

"ಎರಡಕ್ಕೂ ಮೊದಲನೇ ನಿಯಮ ಒಂದೇ. ಗಾಬರಿ ಆಗ್ಬಾರ್ದು."

ಭಾನುವಾರ ಬೆಳಿಗ್ಗೆ ಮೊದಲ ಡ್ರಿಲ್. ಸೀಟಿ ಊದಿದರು. ನನ್ನ ಮಂಡಿಗಳು ಹೊರಡಲು ಒಪ್ಪುವ ಹೊತ್ತಿಗೆ ಉಳಿದವರು ಬಾಲ್ಕನಿ ಸೇರಿದ್ದರು, ಬುಗುರಿ ಕೂದಲು ಕೆದರಿಕೊಂಡು, ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ಮೆಷಿನ್ನಿನಲ್ಲಿ ಬಟ್ಟೆ ತಿರುಗುತ್ತಿತ್ತು, ನಾಲ್ವರೂ ಅದರ ಜೊತೆ ನಡುಗುತ್ತಾ ನಿಂತೆವು.

"ಈಗ ಒಬ್ಬೊಬ್ಬರಾಗಿ ಮನಸ್ಸಿನ ಪರಿಸ್ಥಿತಿ ವರದಿ ಮಾಡ್ಬೇಕು. ನಾನು ಮೊದ್ಲು" ಎಂದು ಅಳಿಯಂದಿರು ಗಂಟಲು ಸರಿಮಾಡಿಕೊಂಡರು. "ನನ್ನ ಮನಸ್ಸು ಸಾಮಾನ್ಯವಾಗಿದೆ. ಅತ್ತೆ?"

"ನಂಗೆ ಮಂಡಿನೋವು."

"ಮನಸ್ಸಿಂದು ಹೇಳಿ ಅತ್ತೆ."

"ನನ್ ಮನಸ್ಸು ಮಂಡೀಲೇ ಇರೋದು."

ಮಗಳು "ನಿನ್ನೆಗಿಂತ ಒಂಚೂರು ಮಸುಕು" ಎಂದಳು. ಬುಗುರಿ ಒಂದು ಕಣ್ಣು ತೆರೆದು, "ನಂದು ಏನೂ ಇಲ್ಲ. ಹೋಗ್ಲಾ?" ಎಂದಳು. ಅಳಿಯಂದಿರು ತಲೆ ಎಣಿಸಿದರು. ನಾಲ್ಕಿತ್ತು. ಡ್ರಿಲ್ ಯಶಸ್ವಿ ಎಂದು ಘೋಷಿಸಿದರು.

ಯಶಸ್ವಿಯೇನೋ ಹೌದು, ಆದರೆ ನಿಧಾನವಾಯಿತು ಎಂದು ಅವರಿಗೆ ಅನ್ನಿಸಿತು. ಸೀಟಿಯ ಸದ್ದು ನನ್ನ ಕೋಣೆಗೆ ಸರಿಯಾಗಿ ಕೇಳಿಲ್ಲವಂತೆ. ಕೇಳಿತ್ತು, ನಾನು ಬೇಕೆಂದೇ ಮಲಗಿದ್ದೆ, ಅದು ಬೇರೆ ಮಾತು. ಮುಂದಿನ ಭಾನುವಾರಕ್ಕೆ ಅವರು ಕೆಲಸದ ಗೋದಾಮಿನಿಂದ ಸೈರನ್ ತಂದರು, ಕಾರ್ಖಾನೆಗಳಲ್ಲಿ ಬಳಸುವಂಥದ್ದು. ಗುಂಡಿ ಒತ್ತಿದ್ದೇ ತಡ, ನಾನು ಹುಟ್ಟಿದಾಗಿನಿಂದ ಅಷ್ಟು ಬೇಗ ಹಾಸಿಗೆ ಬಿಟ್ಟೆದ್ದವಳಲ್ಲ. ಒಬ್ಬರೂ ಹೊರಲಿಲ್ಲ, ನಾನೇ ಎಲ್ಲರಿಗಿಂತ ಮೊದಲು ಬಾಲ್ಕನಿ ತಲುಪಿದ್ದೆ.

ತಲುಪಿ ಕೆಳಗೆ ನೋಡಿದರೆ ಇಡೀ ಕಟ್ಟಡವೇ ಅಂಗಳದಲ್ಲಿತ್ತು.

ಕೆಳಮನೆಯ ಬ್ಯಾಂಕಿನವರು ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡು ನಿಂತಿದ್ದರು. ಮೇಲ್ಮನೆಯ ಸಂಗೀತದ ಟೀಚರ್ ಮೀನಿನ ಗಾಜಿನ ತೊಟ್ಟಿ ಎತ್ತಿಕೊಂಡು ಇಳಿದಿದ್ದಳು, ನೀರು ಚೆಲ್ಲಿ ಮೀನು ಪಡಬಾರದ ಪಾಡು ಪಡುತ್ತಿತ್ತು. ಕಾವಲುಗಾರ ಬಕೆಟ್ ಹಿಡಿದು ಎಲ್ಲಿಗೆ ಸುರಿಯಬೇಕೆಂದು ಮೇಲೆ ನೋಡುತ್ತಿದ್ದ. ಒಬ್ಬ ಮುದುಕರು ಟಿವಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಾ ಹೆಂಡತಿಗೆ "ನೀನೂ ಬಾ" ಎಂದು ಕೂಗುತ್ತಿದ್ದರು. ನಮ್ಮ ಅಳಿಯಂದಿರಿಗೆ ಜವಾಬ್ದಾರಿ ನೆನಪಾಯಿತು. ಮೈಕು ಎತ್ತಿಕೊಂಡು ಬಾಲ್ಕನಿಯಿಂದ ಬಾಗಿದರು.

"ಯಾರೂ ಗಾಬರಿಯಾಗ್ಬೇಡಿ! ಬೆಂಕಿ ಇಲ್ಲ! ನಮ್ಮ ಮಗಳ ಮನಸ್ಸು ಸರಿಯಿಲ್ಲ, ಅಷ್ಟೇ! ದಯವಿಟ್ಟು ಲಿಫ್ಟ್ ಬಳಸ್ಬೇಡಿ!"

ಅಂಗಳದ ತಲೆಗಳೆಲ್ಲ ನಮ್ಮ ಬಾಲ್ಕನಿಯತ್ತ ತಿರುಗಿದವು. ಆಮೇಲೆ ಸಂಗೀತದ ಟೀಚರ್ ಮೀನಿನ ತೊಟ್ಟಿಯನ್ನು ಎದೆಗವಚಿಕೊಂಡು "ಅಯ್ಯೋ, ಏನಾಯ್ತು ಮಗೂಗೆ?" ಎಂದಳು. ಬ್ಯಾಂಕಿನವರು "ಬೆಳಿಗ್ಗೆ ಬೇಗ ಏಳಿಸಿ, ಎಲ್ಲಾ ಸರಿಹೋಗತ್ತೆ" ಎಂದರು. ಟಿವಿಯವರು "ಮೊಬೈಲ್ ಕಿತ್ಕೊಳ್ಳಿ" ಎಂದರು.

ನಾನು ಬುಗುರಿಯ ಕಡೆ ತಿರುಗಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಕ್ಷಣ ಅಪ್ಪನನ್ನು ನೋಡಿದಳು, ಆಮೇಲೆ ಒಳಗೆ ಓಡಿದಳು. ಬಚ್ಚಲುಮನೆಯ ಬಾಗಿಲು ಧಡಾರೆಂದಿತು, ಚಿಲಕ ಬಿತ್ತು.

ನನ್ನ ಮಗಳು ಗಂಡನನ್ನು ನೋಡಿದ ನೋಟಕ್ಕೆ ಯಾವ ಗಾಜೂ ಬೇಕಿರಲಿಲ್ಲ. "ನಾನು ಕೆಳಗೆ ಹೋಗಿ ಅವರನ್ನೆಲ್ಲ ಸಾಗಹಾಕಿ ಬರ್ತೀನಿ. ಅಮ್ಮಾ, ನೀನು ಇವರನ್ನ ನೋಡ್ಕೋ" ಎಂದು ಇಳಿದಳು.

ನೋಡಿಕೊಳ್ಳುವಷ್ಟರಲ್ಲಿ ಅಳಿಯಂದಿರು ತಮ್ಮ ಚೀಲದಿಂದ ಹಾರೆ ತಂದಿದ್ದರು. ಚಿಲಕ ಹಾಕಿದ ಬಾಗಿಲ ಹಿಂದೆ ಯಾರಾದರೂ ಸಿಕ್ಕಿಬಿದ್ದರೆ ಬಾಗಿಲು ಮೀಟಬೇಕು, ಅದು ಅವರ ಪಾಠದಲ್ಲಿದೆ. ನಾನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಪಕ್ಕಕ್ಕೆ ಬನ್ನಿ ಅತ್ತೆ."

"ಮೊದ್ಲು ನನ್ನನ್ನ ಹೊತ್ತು ಆಚೆ ಇಡಿ. ಇಬ್ಬರು ಬೇಕು ಅಂತ ನೀವೇ ಬರ್ದಿದ್ದೀರಲ್ಲ, ಇನ್ನೊಬ್ಬನ್ನ ಕರ್ಕೊಂಡ್ ಬನ್ನಿ."

ಅವರು ಹಾರೆ ಕೆಳಗಿಡಲು ಹೋಗಿ ಬಾಗಿಲ ಪಕ್ಕ ತುಂಬಿಟ್ಟಿದ್ದ ಬಕೆಟ್ಟಿಗೆ ತಾಗಿಸಿದರು, ನೀರೆಲ್ಲ ಚೆಲ್ಲಿತು. ಆ ಸದ್ದು ನಿಂತ ಮೇಲೆ ಒಳಗಿನ ಸದ್ದು ಕೇಳಿತು. ಅಳುವಲ್ಲ. ಉಸಿರು. ದೂರ ಓಡಿಬಂದವರ ಉಸಿರಿನಂತೆ, ಮೇಲಿಂದ ಮೇಲೆ, ನಿಲ್ಲದೆ.

"ಬುಗುರೀ?" ಎಂದರು ಅಳಿಯಂದಿರು.

"ಅಪ್ಪಾ... ನಾನ್ ಸಾಯ್ತಿದೀನಾ?"

"ಇಲ್ಲ ಮಗಳೇ. ಏನಾಗ್ತಿದೆ ಹೇಳು."

"ಎದೆ ಡಬಡಬ ಅಂತಿದೆ. ಕೈಯೆಲ್ಲ ಜುಮ್ಮಂತಿದೆ. ಉಸಿರು ಸಾಲ್ತಿಲ್ಲ. ಕ್ಲಾಸಲ್ಲೂ ಹಿಂಗೇ ಆಗತ್ತೆ, ಸುಮ್ನೆ ಕೂತಿದ್ದಾಗ್ಲೇ. ಅದಕ್ಕೇ ಆಚೆ ಹೋಗೋದು." ಮತ್ತೆ ಉಸಿರು. "ನಂಗೆ ಹುಚ್ಚು ಹಿಡೀತಿದೆ ಅನ್ಸತ್ತೆ."

ಇಷ್ಟು ದಿನದ ಹೊಟ್ಟೆನೋವಿಗೆ, ಮೆಟ್ಟಿಲ ಕೆಳಗಿನ ಮೂಲೆಗೆ, ಅರ್ಧ ತಟ್ಟೆ ಊಟಕ್ಕೆ ಕಾರಣ ಇದು. ಹೆದರಿಕೆ. ಯಾವುದೋ ಒಂದರ ಹೆದರಿಕೆಯಲ್ಲ, ಕಾರಣವಿಲ್ಲದೆ ಬಂದು ಎದೆಯ ಮೇಲೆ ಕೂರುವ ಹೆದರಿಕೆ. ಆ ಮಗು ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿತ್ತು.

"ಮೊದ್ಲೇ ಯಾಕ್ ಹೇಳ್ಲಿಲ್ಲ?" ಎಂದರು ಅಳಿಯಂದಿರು.

"ನಿಂಗಾ? ಹೆದರ್ಕೊಂಡೋರ್ನ ಕಂಡ್ರೆ ನಿಂಗೆ ತಮಾಷೆ. ದಿನಾ ಊಟದ ಹೊತ್ತಲ್ಲಿ ಮಾಡ್ ತೋರಿಸ್ತೀಯಲ್ಲ. ಮೆಟ್ಟಿಲ ಮೇಲೆ ಕೂತು ಅಮ್ಮಾ ಅಂದೋನು. ನೀವೆಲ್ಲ ನಕ್ರಿ. ನಾನೂ ನಕ್ಕೆ. ನಾನೂ ಅವ್ನ ಥರಾನೇ ಅಪ್ಪಾ."

ಆ ದಾಂಡಿಗನ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ, ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕೇಳಿದವಳೂ ನಾನೇ. ಅಳಿಯಂದಿರು ಗೋಡೆಗೆ ಒರಗಿ, ಹಾಗೇ ಜಾರಿ, ಚೆಲ್ಲಿದ ನೀರಿನಲ್ಲೇ ಕೂತುಬಿಟ್ಟರು.

"ತಪ್ಪಾಯ್ತು ಕಣೆ" ಎಂದರು. "ಊಟದ ಹೊತ್ತಿಂದು, ಇವತ್ತಿನ ಮೈಕಿಂದು, ಎಲ್ಲಾ ತಪ್ಪಾಯ್ತು."

ಒಳಗೆ ಉಸಿರು ಮೊದಲಿನಂತೆಯೇ ಓಡುತ್ತಿತ್ತು.

"ಏನ್ ಮಾಡ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ. ಹೆದರ್ಕೊಂಡಿದೀನಿ."

"ಸುಳ್ಳು."

"ನಿಮ್ಮಜ್ಜೀನ ಕೇಳು."

ನಾನು ನೋಡಿದೆ. ಕೋಟು ತಿರುವುಮುರುವಾಗಿತ್ತು, ಪ್ಯಾಂಟು ಒದ್ದೆ, ಮಂಡಿಯ ಮೇಲಿಟ್ಟ ಎರಡೂ ಕೈ ಗಡಗಡ ನಡುಗುತ್ತಿದ್ದವು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಈ ಮನುಷ್ಯನನ್ನು ನಾನು ಹೀಗೆ ಕಂಡಿರಲಿಲ್ಲ.

"ಹೌದು ಕಣೆ. ನಿಮ್ಮಪ್ಪ ನಡುಗ್ತಾ ಇದಾರೆ. ನೀರಲ್ಲಿ ಬಿದ್ದ ಬೆಕ್ಕಿನ ಥರ ಆಗಿದಾರೆ."

"ನಿಜವಾಗ್ಲೂ?"

"ನಾನು ನಿಮ್ಮಪ್ಪನ ಪರವಾಗಿ ಯಾವತ್ತಾದ್ರೂ ಸುಳ್ ಹೇಳಿದೀನಾ?"

ಅಳಿಯಂದಿರು ಬಾಗಿಲು ತಟ್ಟಲಿಲ್ಲ, ಹೊರಗೆ ಬಾ ಎನ್ನಲಿಲ್ಲ, ಅಲ್ಲೇ ಕೂತಿದ್ದರು. ಒಳಗಿನ ಉಸಿರು ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಬಂತು. ಆಮೇಲೆ ಚಿಲಕ ಸರಿಯಿತು. ಬುಗುರಿ ಬಾಗಿಲ ಸಂದಿಯಿಂದ ಇಣುಕಿ ಅಪ್ಪನ ಕೈ ನಡುಗುವುದನ್ನು ಬಹಳ ಆಸಕ್ತಿಯಿಂದ ನೋಡಿದಳು.

"ಜುಮ್ಮಂತಿದ್ಯಾ?"

"ಹೂಂ."

"ಸ್ವಲ್ಪ ಹೊತ್ತಾದ್ಮೇಲೆ ಹೋಗತ್ತೆ" ಎಂದು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. "ಆದ್ರೆ ಹೋಗತ್ತೆ ಅಂತ ಆವಾಗ ಅನ್ಸಲ್ಲ, ಅದೇ ಕಷ್ಟ."

ನಾನೂ ಗೋಡೆ ಹಿಡಿದು ಅವರ ಪಕ್ಕ ಕೂತೆ; ಮಗಳು ಕೆಳಗಿನಿಂದ ಬಂದಾಗ ನಾವು ಮೂವರೂ ನೀರಿನಲ್ಲಿದ್ದೆವು. ನನ್ನನ್ನು ಮತ್ತೆ ಎಬ್ಬಿಸಲು ನಿಜವಾಗಿಯೂ ಇಬ್ಬರು ಬೇಕಾದರು, ಆ ವಿಷಯ ಇಲ್ಲಿಗೇ ಬಿಡೋಣ. ಮಗಳು ಏನನ್ನೂ ಕೇಳಲಿಲ್ಲ. ಇದಾ ಅದಾ ಎನ್ನದೆ ಬುಗುರಿಯ ತಲೆಯನ್ನು ಎದೆಗೊತ್ತಿಕೊಂಡು ಕೂತಳು, ಆಗ ಆ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಸೊರಸೊರ ಎನ್ನಿಸುತ್ತಾ ಹೇಳಿದಳು.

"ಆ ಕೌನ್ಸೆಲರ್ ಹತ್ರ ಒಂದ್ಸಲ ಹೋಗಿ ನೋಡ್ತೀನಿ. ಆದ್ರೆ ಅಪ್ಪ ಮೈಕು ತರ್ಬಾರ್ದು."

"ತರಲ್ಲ."

"ಸೀಟಿನೂ."

ಅಳಿಯಂದಿರು ಒಂದು ಗಳಿಗೆ ಯೋಚಿಸಿದ್ದು ನಿಜ. "ಸೀಟಿನೂ ಇಲ್ಲ" ಎಂದರು.

ಬುಧವಾರ ಅವಳ ಜೊತೆ ಅವರು ಹೊರಟರು, ಅವರನ್ನು ನಂಬಿ ಬಿಡಲಾಗದೆ ನಾನೂ ಹೊರಟೆ. ಕೌನ್ಸೆಲರ್ ಕೋಣೆ ಶಾಲೆಯ ಉದ್ದನೆಯ ಓಣಿಯ ಕೊನೆಯಲ್ಲಿತ್ತು. ಅರ್ಧ ದಾರಿಯಲ್ಲಿ ಬುಗುರಿಯ ಕಾಲುಗಳು ನಿಂತವು. ಅವಳ ಬೆರಳುಗಳು ಮುದುಡಿಕೊಳ್ಳುವುದನ್ನು ಕಂಡೆ. ಮಕ್ಕಳು ಅತ್ತಿಂದಿತ್ತ ಹೋಗುತ್ತಿದ್ದರು. ಅಳಿಯಂದಿರ ನಾಲಿಗೆಯ ತುದಿಗೆ ಒಂದು ನೂರು ಸೂಚನೆ ಬಂದಿರಬೇಕು. ಎಲ್ಲವನ್ನೂ ನುಂಗಿಕೊಂಡು ಒಂದೇ ಒಂದು ಮಾತು ಕೇಳಿದರು.

"ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡ. ಇಲ್ಲೇ ಇರು."

ಏನೂ ಮಾಡದೆ ಇರುವುದು ಆ ಮನುಷ್ಯನಿಗೆ ಬರುವುದಿಲ್ಲ. ನಿದ್ದೆಯಲ್ಲೂ ಯಾರನ್ನಾದರೂ ಮೆಟ್ಟಿಲಿಳಿಸುತ್ತಿರುತ್ತಾರೆ. ಅಂಥವರು ಆ ಓಣಿಯ ನಡುವೆ, ಕೈ ಇಳಿಬಿಟ್ಟು, ಮಗಳ ಪಕ್ಕದಲ್ಲಿ ನಿಂತರು. ಯಾರೋ ಹುಡುಗರು ನೋಡಿ ಗುಸುಗುಸು ಎಂದರು, ಅವರು ಕದಲಲಿಲ್ಲ. ಗಂಟೆ ಹೊಡೆಯಿತು, ಓಣಿ ಖಾಲಿಯಾಯಿತು, ಅವರು ಇನ್ನೂ ನಿಂತೇ ಇದ್ದರು. ನನಗೆ ಅವರ ಮೇಲೆ ಇದ್ದಕ್ಕಿದ್ದಂತೆ ಎಷ್ಟು ಪ್ರೀತಿ ಬಂತೆಂದರೆ, ಎಲ್ಲಿ ಬಾಯಿಬಿಟ್ಟು ಹೇಳಿಬಿಡುತ್ತೇನೋ ಎಂದು ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಬುಗುರಿಯ ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು. ಅವಳೇ ನಡೆದು ಹೋಗಿ ಬಾಗಿಲು ತಟ್ಟಿದಳು. ಒಳಗಿಂದ ಯಾರೋ ಬಾಮ್ಮಾ ಎಂದರು, ಬಾಗಿಲು ಮುಚ್ಚಿತು. ಮರುಗಳಿಗೆಯಲ್ಲೇ ಮತ್ತೆ ಅರ್ಧ ತೆರೆಯಿತು, ಅವಳ ತಲೆ ಮಾತ್ರ ಹೊರಗೆ ಬಂತು.

"ಅಪ್ಪಾ, ಇದೀಯಾ?"

"ಇದೀನಿ ಮಗಳೇ."

ತಲೆ ಒಳಗೆ ಹೋಯಿತು.